ಪದದೊಳಗಿನ ದೊರೆ, ಮನೆಯೊಳಗಿನ ಮಗ

ಗುರುಮಠಕಲ್ಲಿನ ಒಂದು ಮನೆಯಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ, ಸುರಪುರ ಸೀಮೆಯಿಂದ ಆ ಮನೆಗೆ ಸೊಸೆಯಾಗಿ ಬಂದಿದ್ದ ಅಜ್ಜಿಯೊಬ್ಬರು ದೊರೆ ವೆಂಕಟಪ್ಪನಾಯಕನ ಪದವನ್ನು ಹಾಡಿದರು. ಮೊಮ್ಮಗ ಕೇಳಿದ: “ಆಯಿ, ದೊರಿಗಿ ಯಾರು ಕೊಂದ್ರು?” “ಪರಂಗ್ಯಾರು ಕೊಂದ್ರಪ್ಪ” ಎಂದರು. ಹುಡುಗ ಆಡಲು ಹೋದ ಮೇಲೆ ನನ್ನತ್ತ ತಿರುಗಿ ದನಿ ತಗ್ಗಿಸಿ ಹೇಳಿದರು: “ತಾನೇ ಹೊಡಕೊಂಡ ಅಂತಾನೂ ಅಂತಾರ ಫಾದರ್. ಪದದಾಗ ಅದು ಬರಂಗಿಲ್ಲ.”

ಪದದಲ್ಲಿ ಬಾರದ ಆ ಮಾತು ಎಲ್ಲಿ ಉಳಿದಿದೆ? ವಿಚಿತ್ರವೆಂದರೆ, ಅದು ದೊರೆಯ ವೈರಿಗಳ ಕಡೆಯವನೊಬ್ಬ ಬರೆದ ಪುಸ್ತಕದಲ್ಲಿದೆ. ಆತ ಕರ್ನಲ್ ಫಿಲಿಪ್ ಮೆಡೋಸ್ ಟೇಲರ್. 1841ರಲ್ಲಿ ಸುರಪುರಕ್ಕೆ ಬಂದ ಟೇಲರನು, ದೊರೆ ಕೃಷ್ಣಪ್ಪನಾಯಕನು ತೀರಿಕೊಂಡ ಬಳಿಕ ಎಳೆಯ ವೆಂಕಟಪ್ಪನ ಪರವಾಗಿ 1853ರವರೆಗೆ ಆಡಳಿತ ನೋಡಿಕೊಂಡನು. ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆಯನ್ನು ಇಂದಿಗೂ ಟೇಲರ್ ಮಂಜಿಲ್ ಎನ್ನುತ್ತಾರೆ. ಜನರು ಅವನನ್ನು ಮಹಾದೇವ ಬಾಬಾ ಎಂದರು. ತಂದೆಯಿಲ್ಲದ ಆ ಬಾಲಕನು ಅಪ್ಪಾ ಎಂದನು.

ಮುಂದಿನದು ಇತಿಹಾಸ. ಬೆಳೆದು ಗದ್ದುಗೆಯೇರಿದ ವೆಂಕಟಪ್ಪನಾಯಕನು 1858ರ ಫೆಬ್ರುವರಿಯಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿದನು. ಸೋತು ಹೈದರಾಬಾದಿಗೆ ಹೋದಾಗ ಸೆರೆಯಾದನು. ಮೊದಲು ಮರಣದಂಡನೆ, ಬಳಿಕ ಗಡಿಪಾರು, ಕೊನೆಗೆ ಮದರಾಸಿನ ಬಳಿಯ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆ ಎಂದು ಶಿಕ್ಷೆ ಇಳಿಯಿತು. ಆದರೆ ಅಲ್ಲಿಗೆ ಒಯ್ಯುವ ದಾರಿಯಲ್ಲಿಯೇ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ಅವನು ಮಡಿದನು. ಆಗ ಅವನಿಗೆ ಇಪ್ಪತ್ತನಾಲ್ಕರ ಆಸುಪಾಸು. ಆಕಸ್ಮಿಕವೋ, ಆತ್ಮಹತ್ಯೆಯೋ, ಕೊಲೆಯೋ ಎಂಬ ಮಾತು ಅಂದಿನಿಂದ ನಿಂತಿಲ್ಲ. 1860ರಲ್ಲಿ ಸುರಪುರವು ನಿಜಾಮನ ಪಾಲಾಯಿತು.

ಟೇಲರನ ಆತ್ಮಕಥೆ ‘ದಿ ಸ್ಟೋರಿ ಆಫ್ ಮೈ ಲೈಫ್’ ಅವನ ಮರಣಾನಂತರ, 1877ರಲ್ಲಿ, ಮಗಳ ಸಂಪಾದಕತ್ವದಲ್ಲಿ ಪ್ರಕಟವಾಯಿತು. ಅದರಲ್ಲಿ ಮನಸ್ಸನ್ನು ಕಲಕುವ ಭಾಗವೆಂದರೆ ಸೆರೆಮನೆಯ ಭೇಟಿ. ಸಾಕಿದವನನ್ನು ಕಂಡೊಡನೆ ದೊರೆಯು ಮಗುವಿನಂತೆ ಅವನನ್ನು ಹಿಡಿದುಕೊಳ್ಳುತ್ತಾನೆ. ಆದರೆ ಜೊತೆಗಾರರ ಹೆಸರು ಹೇಳು ಎಂದಾಗ ಬಾಯಿ ಬಿಡುವುದಿಲ್ಲ. ಕಳ್ಳನಂತೆ ಗಲ್ಲಿಗೇರುವುದು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂದು ಕೇಳಿಕೊಳ್ಳುತ್ತಾನೆ. ಅಂಜಿಕೆಯೂ ಅಭಿಮಾನವೂ ಒಂದೇ ಎದೆಯಲ್ಲಿ ಕೂಡಿದ ಈ ಚಿತ್ರವನ್ನು ಮುಂದೆ ದೇಶಭಕ್ತಿಯ ಬರಹಗಳೂ ಎತ್ತಿಕೊಂಡವು. ವೀರನ ವೀರವಾಕ್ಯಕ್ಕೆ ಸಾಕ್ಷಿಯಾದವನು ಅವನ ಎದುರು ಪಕ್ಷದವನೇ!

ಹಾಗೆಂದು ಈ ಪುಸ್ತಕವನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಟೇಲರನ ಪ್ರೀತಿ ನಿಜವಾದುದು; ಆದರೆ ಅದು ಆಳುವವನ ಪ್ರೀತಿ. ತನ್ನ ಆಡಳಿತವೆಲ್ಲ ಹಸನು, ಹುಡುಗ ಕೆಟ್ಟದ್ದು ದುರ್ಬೋಧಕರಿಂದ ಎಂಬುದು ಅವನ ಸಮಾಧಾನ. ಅಪ್ಪಾ ಎಂದು ಕರೆದವನು ತಾನಾಗಿಯೇ ಆಲೋಚಿಸಿ ತನ್ನ ಸರಕಾರದ ಮೇಲೆ ತಿರುಗಿ ಬಿದ್ದಿರಬಹುದೇ ಎಂಬ ಪ್ರಶ್ನೆಯನ್ನು ಅವನು ಎದುರಿಸುವುದೇ ಇಲ್ಲ. ಹೆತ್ತ ತಾಯಿ ರಾಣಿ ಈಶ್ವರಮ್ಮನಂತೂ ಅಲ್ಲಿ ಹಟಮಾರಿ, ಕುತಂತ್ರಿ. ಅವಳ ಮಾತು ನಮಗೆ ಸಿಗುವುದು ಅವಳೊಡನೆ ಜಗಳವಾಡಿದವನ ಬಾಯಿಂದಲೇ. ಸಾಕುತಂದೆಯ ನೆನಪು ಪುಸ್ತಕವಾಯಿತು. ಹೆತ್ತವಳ ನೆನಪನ್ನು ಬರೆದುಕೊಳ್ಳುವವರಿರಲಿಲ್ಲ.

ಇನ್ನು ಪದ. ಬರೆಯಲಾಗದವರು ಉಳಿಸಿಕೊಂಡ ಚರಿತ್ರೆ ಅದು. ಅದೇ ಕಾಲದ ಹಲಗಲಿಯ ಬೇಡರ ದಂಗೆಯ ಲಾವಣಿಯನ್ನು ಜಾನ್ ಫ್ಲೀಟನು ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ ನಾಡಿಗೆಲ್ಲ ತಿಳಿಯಿತು. ಆದರೆ ಫ್ಲೀಟನ ಮೊದಲೂ ಅದನ್ನು ಜನ ಹಾಡುತ್ತಿದ್ದರಷ್ಟೆ. ಸೋತವನನ್ನು ಗೆಲ್ಲಿಸುವ ಶಕ್ತಿ ಹಾಡಿಗಿದೆ. ಆದರೆ ಅದಕ್ಕೆ ಬೆಲೆಯೂ ಇದೆ. ಮೇಳದ ನಡುವೆ ನಿಂತು ಹಾಡುವವನು ಸಂದೇಹವನ್ನು ಹಾಡಲಾರ. ವೀರನಿಗೆ ವೈರಿಯ ಕೈಯ ಸಾವೇ ಬೇಕು. ಅಪ್ಪಾ ಎಂದು ಅತ್ತ ಹುಡುಗನಿಗೆ ಅಲ್ಲಿ ಎಡೆಯಿಲ್ಲ.

ಇದು ನಮ್ಮ ಸೀಮೆಗಷ್ಟೇ ಸೇರಿದ ಮಾತಲ್ಲ. ಟೇಲರನು ನಿವೃತ್ತನಾಗಿ ನೆಲೆಸಿದ್ದು ಐರ್ಲೆಂಡಿನಲ್ಲಿ, ಡಬ್ಲಿನ್ನಿನ ಹೆರಾಲ್ಡ್ಸ್ ಕ್ರಾಸ್ ಎಂಬಲ್ಲಿ. 1803ರಲ್ಲಿ ಐರಿಷ್ ಬಂಡಾಯದ ನಾಯಕ ರಾಬರ್ಟ್ ಎಮೆಟ್ ಸೆರೆಸಿಕ್ಕಿದ್ದೂ ಅದೇ ಹೆರಾಲ್ಡ್ಸ್ ಕ್ರಾಸಿನಲ್ಲಿ! ಇಪ್ಪತ್ತೈದರ ಹರೆಯದಲ್ಲಿ ಗಲ್ಲಿಗೇರಿದ ಆತನು, ನಾಡು ಸ್ವತಂತ್ರವಾಗುವವರೆಗೆ ತನ್ನ ಸಮಾಧಿಯ ಮೇಲೆ ಏನನ್ನೂ ಬರೆಯಬೇಡಿರೆಂದು ನ್ಯಾಯಾಲಯದಲ್ಲಿ ಹೇಳಿದ್ದನು. ಅವನನ್ನು ಹೂತ ಜಾಗವೇ ಇಂದಿಗೂ ಗೊತ್ತಿಲ್ಲ. ಕಲ್ಲಿನ ಬದಲು ಹಾಡು ನಿಂತಿತು. ಕಾಲೇಜಿನ ಗೆಳೆಯ ಥಾಮಸ್ ಮೂರ್ ಅವನ ಮೇಲೆ ಕಟ್ಟಿದ ಗೀತೆಗಳು ಮನೆಮನೆಯ ಮಾತಾದವು. ಅವುಗಳಲ್ಲೊಂದು ಎಮೆಟನ ಶೌರ್ಯವನ್ನು ಹೊಗಳುವುದಕ್ಕಾಗಿಯೇ ಕಟ್ಟಿದ್ದಲ್ಲ. ಅವನನ್ನು ಪ್ರೀತಿಸಿ ಒಂಟಿಯಾದ ಹೆಣ್ಣಿನ ದುಃಖವನ್ನೇ ಮುಖ್ಯವಾಗಿ ಹೇಳುತ್ತದೆ. ಮನೆಯ ನೆನಪೂ ಹಾಡಿನೊಳಗೆ ಬರಬಲ್ಲುದು ಎಂಬುದಕ್ಕೆ ಇದೇ ನಿದರ್ಶನ.

ಪ್ರಿಯ ಓದುಗರೇ, ಇದನ್ನೆಲ್ಲ ಹೇಳಲು ಕಾರಣವಿದೆ. ನಮ್ಮ ಊರುಗಳಲ್ಲಿಯೂ ಬರ, ಸಾಲ, ಅವಮಾನಗಳ ನಡುವೆ ಅಕಾಲದಲ್ಲಿ ಹೋದವರಿದ್ದಾರೆ. ಮನೆಯವರು ಫೋಟೋಕ್ಕೆ ಹಾರ ಹಾಕುತ್ತಾರೆ. ಹೇಗೆ ಹೋದನೆಂಬ ಮಾತನ್ನು ಮಾತ್ರ ಎತ್ತುವುದಿಲ್ಲ. ನಡೆದುದನ್ನು ಹೇಳಿದರೆ ಸತ್ತವನ ಮಾನ ಹೋದೀತೆಂಬ ಅಂಜಿಕೆ. ಕೊನೆಯ ಗಳಿಗೆಯಲ್ಲಿ ಮನುಷ್ಯನೊಬ್ಬನ ಎದೆಯಲ್ಲಿ ಏನಿತ್ತೆಂದು ದೇವರೊಬ್ಬನೇ ಬಲ್ಲ. ಅದರ ಮೇಲೆ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ತೀರ್ಪು ಕೊಡದಿರುವುದು ಬೇರೆ, ಬಾಯಿ ಮುಚ್ಚಿ ಮರೆಸುವುದು ಬೇರೆ. ವೆಂಕಟಪ್ಪನಾಯಕನು ತಾನೇ ಗುಂಡು ಹೊಡೆದುಕೊಂಡಿದ್ದರೂ ಅವನ ಹಿರಿಮೆ ಎಳ್ಳಷ್ಟೂ ಕುಂದುವುದಿಲ್ಲ.

ಆ ಅಜ್ಜಿಯ ಪದವನ್ನು ತಿದ್ದಬೇಕಾಗಿಲ್ಲ. ಅದು ಹಾಗೆಯೇ ಇರಲಿ. ಆದರೆ ಪದ ಮುಗಿದ ಮೇಲೆ ಬಂದ ಆ ತಗ್ಗಿದ ದನಿ ನನ್ನೊಬ್ಬನ ಕಿವಿಗೆ ಮಾತ್ರ ಬಿತ್ತು. ಆಡಲು ಹೋದ ಮೊಮ್ಮಗನನ್ನು ಎಂದಾದರೊಂದು ದಿನ ಹತ್ತಿರ ಕೂರಿಸಿಕೊಂಡು ಅದನ್ನೂ ಹೇಳಬೇಕು.