ನೀರಿನೊಳಗಿನ ದೇವಾಲಯ, ದಡದ ಮೇಲಿನ ಧರ್ಮಕೇಂದ್ರ

ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯದ ಚಿತ್ರವನ್ನು ಕಾಣದ ಕನ್ನಡ ಕ್ರೈಸ್ತರು ವಿರಳ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿ ಗುರುಗಳು ಕಟ್ಟಿಸಿದ ದೇವಾಲಯವಿದು. ಹಾಸನ ಜಿಲ್ಲೆಯ ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅಂದಿನಿಂದ ಮಳೆಗಾಲದಲ್ಲಿ ಹಿನ್ನೀರು ಏರಿದಂತೆ ಇದು ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಬುಡದವರೆಗೂ ಕಾಣಿಸುತ್ತದೆ. ಛಾವಣಿ ಎಂದೋ ಹೋಯಿತು. ಉಳಿದ ಗಾಥಿಕ್ ಕಮಾನುಗಳನ್ನು ನೋಡಲು ದೂರದೂರಿನಿಂದ ಜನ ಬರುತ್ತಾರೆ, ಬಂದವರಲ್ಲಿ ಅನೇಕರು ಬರೆಯುತ್ತಾರೆ. ನನ್ನ ತಕರಾರು ಇರುವುದು ಈ ಬರಹಗಳ ಬಗ್ಗೆ.

ಕೃಷ್ಣೆಯ ದಡದ ಸತ್ತಿಯಲ್ಲಿ ಕುಳಿತು ಹೇಮಾವತಿಯ ಮಾತೇಕೆ ಎಂದು ವಾಚಕರು ಕೇಳಬಹುದು. 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ, ಅಥಣಿ-ಚಿಕ್ಕೋಡಿ ಸೀಮೆಯ ಹೊಳೆದಂಡೆಯವರು ಮನೆ ಬಿಟ್ಟು ಎತ್ತರಕ್ಕೆ ಹೋದವರು. ಆಲಮಟ್ಟಿಯ ಹಿನ್ನೀರಿನಿಂದಾಗಿ ಹಳೆಯ ಬಾಗಲಕೋಟೆ ತೊರೆದು ನವನಗರ ಸೇರಿದವರ ಸಂಕಟವೂ ನಮ್ಮ ಭಾಗಕ್ಕೆ ಹೊಸತಲ್ಲ. ಹಾಗೆ ಬಿಟ್ಟುಬಂದ ಮನೆಯ ಗೋಡೆಯ ಮುಂದೆ ನಿಂತು ಯಾರಾದರೂ 'ಎಂಥ ಸೊಬಗು!' ಎಂದರೆ ಆ ಮನೆಯವರಿಗೆ ಏನನ್ನಿಸೀತು?

ಶೆಟ್ಟಿಹಳ್ಳಿಯನ್ನು ಕುರಿತ ಹೆಚ್ಚಿನ ಲೇಖನಗಳಲ್ಲಿ ಎರಡು ಮಾತುಗಳು ತಪ್ಪದೆ ಬರುತ್ತವೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂಬುದು ಒಂದು. ಇರಲಿ, ಆದರೆ ಆ ಗಾರೆಯನ್ನು ಕಲಸಿದವರು ಯಾರು, ಇಟ್ಟಿಗೆ ಹೊತ್ತವರು ಯಾರು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಆಲೂರು, ಸಕಲೇಶಪುರಗಳ ಬ್ರಿಟಿಷ್ ತೋಟದೊಡೆಯರಿಗಾಗಿ ಇದನ್ನು ಕಟ್ಟಲಾಯಿತು ಎಂಬುದು ಇನ್ನೊಂದು. ಈ ಮಾತನ್ನು ನಾನು ಸುಲಭವಾಗಿ ಒಪ್ಪಲಾರೆ. ಬ್ರಿಟಿಷ್ ತೋಟಗಾರರಲ್ಲಿ ಬಹುಪಾಲು ಪ್ರೊಟೆಸ್ಟೆಂಟರು. ಅವರಿಗಾಗಿ ಫ್ರೆಂಚ್ ಕಥೋಲಿಕ ಗುರುಗಳು ಜಪಮಾಲೆ ಮಾತೆಯ ಹೆಸರಿನಲ್ಲಿ ಇಷ್ಟು ದೊಡ್ಡ ಆಲಯವನ್ನು ಎಬ್ಬಿಸುವ ಅಗತ್ಯವೇನಿತ್ತು? ನಮ್ಮ ಹಳ್ಳಿಗರು 'ದೊಡ್ಡಸ್ವಾಮಿಯವರು' ಎಂದು ಕರೆಯುತ್ತಿದ್ದ ಅಬ್ಬೆ ದುಬ್ವಾ ಅವರು 1823ರಲ್ಲಿ ಭಾರತ ಬಿಡುವ ಮೊದಲೇ ಮೈಸೂರು ಸೀಮೆಯಲ್ಲಿ ಕ್ರೈಸ್ತ ಬೇಸಾಯಗಾರರ ನೆಲೆಗಳನ್ನು ಸ್ಥಾಪಿಸಿದ್ದರು. ಹಾಸನ ಸೀಮೆಯ ಸಾತಳ್ಳಿ ಅಂಥದೊಂದು ನೆಲೆ. ಅಂದರೆ, ದೇವಾಲಯ ಏಳುವ ಎಷ್ಟೋ ವರ್ಷ ಮುಂಚೆಯೇ ಈ ನಾಡಿನಲ್ಲಿ ಕನ್ನಡ ಮಾತನಾಡುವ, ಹೊಲ ಉಳುವ ಭಕ್ತಾದಿಗಳಿದ್ದರು. ತೋಟದೊಡೆಯರ ಕಥೆ ಹೇಳುವಾಗ ಇವರು ಚಿತ್ರದಿಂದಲೇ ಮಾಯವಾಗುತ್ತಾರೆ. ಮೊದಲು ನೀರು ಅವರ ಹೊಲವನ್ನು ತೆಗೆದುಕೊಂಡಿತು. ಈಗ ಬರಹ ಅವರ ದೇವಾಲಯವನ್ನೂ ಬೇರೆಯವರ ಹೆಸರಿಗೆ ಬರೆದುಕೊಡುತ್ತಿದೆ.

ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1983ರ ಸಂಹಿತೆಯ 1212ನೇ ವಿಧಿಯಂತೆ, ಬಹುಪಾಲು ನಾಶವಾದ ಪವಿತ್ರ ಸ್ಥಳವು ತನ್ನ ಪ್ರತಿಷ್ಠೆಯನ್ನು ಕಳೆದುಕೊಳ್ಳುತ್ತದೆ. 515ನೇ ವಿಧಿಯಾದರೋ ಧರ್ಮಕೇಂದ್ರವೆಂದರೆ ಸ್ಥಿರವಾಗಿ ನೆಲೆಗೊಂಡ ಭಕ್ತಜನರ ಸಮುದಾಯ ಎನ್ನುತ್ತದೆ. ಅಲ್ಲಿ ಗೋಡೆಯ ಮಾತಿಲ್ಲ. 535ನೇ ವಿಧಿ ಪ್ರತಿ ಧರ್ಮಕೇಂದ್ರವೂ ಜ್ಞಾನಸ್ನಾನ, ವಿವಾಹ, ಮರಣಗಳ ದಫ್ತರಗಳನ್ನು ಇಡಬೇಕೆಂದು ವಿಧಿಸುತ್ತದೆ. ಇಂಥ ದಾಖಲೆಯ ಕಟ್ಟಳೆ 1563ರ ಟ್ರೆಂಟ್ ಮಹಾಸಭೆಯಷ್ಟು ಹಳೆಯದು. ಸೆಮಿನರಿಯಲ್ಲಿ ಈ ವಿಧಿಗಳನ್ನು ಬಾಯಿಪಾಠ ಮಾಡುವಾಗ ನಮಗೆ ನಿದ್ದೆ ಬರುತ್ತಿತ್ತು. ಈಗ ತಿಳಿಯುತ್ತದೆ: ಮುಳುಗಿದ ಊರಿನಲ್ಲಿ ಯಾರು ಹುಟ್ಟಿದರು, ಯಾರನ್ನು ಯಾರು ವರಿಸಿದರು, ಯಾರನ್ನು ಎಲ್ಲಿ ಮಣ್ಣು ಮಾಡಿದರು ಎಂಬುದನ್ನು ಹೇಳಬಲ್ಲದ್ದು ಕಮಾನಲ್ಲ, ಆ ಪುಸ್ತಕ.

ಹೊರದೇಶದ ಒಂದು ನಿದರ್ಶನ ಇಲ್ಲಿ ಸಲ್ಲುತ್ತದೆ. ವೇಲ್ಸ್ ದೇಶದ ಕಾಪೆಲ್ ಕೆಲಿನ್ ಎಂಬ ಹಳ್ಳಿಯನ್ನು ಲಿವರ್‌ಪೂಲ್ ನಗರದ ನೀರಿಗಾಗಿ 1965ರಲ್ಲಿ ಮುಳುಗಿಸಲಾಯಿತು. ಪ್ರಾರ್ಥನಾಲಯ, ಶಾಲೆ, ಅಂಚೆಮನೆ ಎಲ್ಲವೂ ಹೋದವು. ಮನೆ ಕಳೆದುಕೊಂಡವರು 48 ಮಂದಿ. ಅವರು ಪ್ರೊಟೆಸ್ಟೆಂಟರು, ನಾವು ಕಥೋಲಿಕರು. ನೀರಿಗೆ ಆ ಭೇದವಿಲ್ಲ. ಆ ಜನ ಮರೆಯಲಿಲ್ಲ. ಸರೋವರದ ದಡದಲ್ಲಿ ಸ್ಮಾರಕ ಪ್ರಾರ್ಥನಾಲಯ ಎದ್ದಿತು. 2005ರಲ್ಲಿ ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿತು. ನಲವತ್ತು ವರ್ಷ ತಡವಾಗಿ ಬಂದ ಕ್ಷಮೆ, ನಿಜ. ಆದರೂ ಯಾರ ಕ್ಷಮೆ ಕೇಳಬೇಕೆಂಬುದು ಅಷ್ಟು ಕಾಲದ ಮೇಲೂ ಎಲ್ಲರಿಗೂ ಗೊತ್ತಿತ್ತು.

ಶೆಟ್ಟಿಹಳ್ಳಿಯ ಪಾಳು ಸುಂದರವಲ್ಲವೆಂದು ನಾನು ವಾದಿಸುವುದಿಲ್ಲ. ಸಂಜೆಯ ಬೆಳಕಿನಲ್ಲಿ, ಛಾವಣಿಯಿಲ್ಲದ ಆ ಕಮಾನುಗಳ ನಡುವೆ ಆಕಾಶವನ್ನು ನೋಡಿದರೆ ಯಾರಿಗೂ ಮಾತು ನಿಲ್ಲುತ್ತದೆ. ಆದರೆ ಬಲಿಪೀಠವಿದ್ದ ಸ್ಥಳವೆಂದು ಅರಿಯದೆ ಅಲ್ಲಿ ಮದುವೆಯ ಜೋಡಿಗಳನ್ನು ನಿಲ್ಲಿಸಿ ಚಿತ್ರ ತೆಗೆಯುವುದನ್ನು ಕಂಡಾಗ, ಆ ಪೀಠದ ಮುಂದೆಯೇ ನಿಜವಾಗಿ ಮದುವೆಯಾದವರ ನೆನಪಾಗುತ್ತದೆ. ಅವರ ಬಗ್ಗೆ ಒಂದು ಸಾಲನ್ನಾದರೂ ಬರೆಯುವ ಹೊಣೆ ಪ್ರವಾಸಿಗರಿಗಿಂತ ನಮ್ಮಂಥ ಗುರುಗಳದು, ನಮ್ಮಂಥ ಮಾಸಪತ್ರಿಕೆಗಳದು. ಧರ್ಮಕೇಂದ್ರಗಳ ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ನಾವು ಗುರುಗಳ ಭಾವಚಿತ್ರಗಳನ್ನು ಸಾಲಾಗಿ ಮುದ್ರಿಸಿ ಕೈತೊಳೆದುಕೊಳ್ಳುವ ಪದ್ಧತಿಯೂ ಇದೇ ರೋಗದ ಇನ್ನೊಂದು ರೂಪ.

ಇನ್ನು ಮುಂದೆ ಅಲ್ಲಿಗೆ ಯಾತ್ರೆ ಹೋಗುವ ನಮ್ಮ ಕುಟುಂಬಗಳು ಚಿತ್ರ ತೆಗೆದ ಮೇಲೆ ಸುತ್ತಲಿನ ಊರುಗಳಲ್ಲಿ ಒಂದು ಗಳಿಗೆ ನಿಂತು ಹಿರಿಯರನ್ನು ವಿಚಾರಿಸಲಿ. ಅಣೆಕಟ್ಟು ಮುಗಿದಾಗ ಇಪ್ಪತ್ತು ವರ್ಷದವರಾಗಿದ್ದವರು ಈಗ ಅರವತ್ತೈದು ದಾಟಿದ್ದಾರೆ.