ದೆವ್ವ ಕಂಡವರ ಪಕ್ಕ ಕೂತು

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ಎರಡೇ ಪದ ಬರೆದಿರುತ್ತಿತ್ತು: ನಾಳೆ ಬಾ. ರಾತ್ರಿ ಹೊತ್ತು ಬಂದು, ಮನೆಯವರದೇ ದನಿಯಲ್ಲಿ ಕೂಗಿ ಬಾಗಿಲು ತೆಗೆಸುವ ಹೆಣ್ಣುದೆವ್ವ ಇದನ್ನು ಓದಿ ವಾಪಸು ಹೋಗುತ್ತದೆ, ಮಾರನೆಯ ರಾತ್ರಿ ಬಂದಾಗಲೂ ಇದನ್ನೇ ಓದುತ್ತದೆ ಎಂಬುದು ಲೆಕ್ಕ. ದೆವ್ವಕ್ಕೆ ಅಕ್ಷರ ಬರುತ್ತದೆ, ಅದರಲ್ಲೂ ಕನ್ನಡ ಬರುತ್ತದೆ, ಬರೆದಿಟ್ಟ ಮಾತಿಗೆ ಅದು ಬೆಲೆಯನ್ನೂ ಕೊಡುತ್ತದೆ. ತಮಿಳು, ದಖನಿ, ತೆಲುಗು, ಇಂಗ್ಲಿಷು ಎಲ್ಲ ಒಂದೇ ಗಲ್ಲಿಯಲ್ಲಿ ಕೇಳಿಬರುವ ಶಿವಾಜಿನಗರದಲ್ಲಿ ಯಾವ ಭಾಷೆಯಲ್ಲಿ ಬರೆಯಬೇಕಿತ್ತೋ, ನನಗೆ ಇವತ್ತಿಗೂ ಅನುಮಾನ.

ಈ ಕತೆಯಲ್ಲಿ ದೆವ್ವದ ವರ್ಣನೆಯೇ ಇಲ್ಲ, ಗಮನಿಸಿ. ಹಲ್ಲು, ಕೂದಲು, ತಿರುಗಿದ ಪಾದ ಯಾವುದೂ ಬೇಕಾಗಲಿಲ್ಲ. ಹೆದರಿಸಿದ್ದು ಪರಿಚಿತ ದನಿ, ಚಿಲಕ, ಸೀಮೆಸುಣ್ಣ. ಹಳೆಯ ವಿಜ್ಞಾನ ಕಾದಂಬರಿ, ಭಯದ ಕಾದಂಬರಿಗಳಿಗೆ ಹೊಸದಾಗಿ ಕೈ ಹಾಕುವವರಿಗೆ ನಾನು ಕೊಡುವ ಬೀಗದಕೈ ಇದೊಂದೇ: ದೆವ್ವವನ್ನು ಹುಡುಕುತ್ತಾ ಪುಟ ಮಗುಚಬೇಡಿ, ಅದನ್ನು ಕಂಡೆ ಅನ್ನುವವರ ಪಕ್ಕ ಕೂತು ಅವರ ಮಾತು ಕೇಳಿ. ಯಾರು ಹೇಳುತ್ತಿದ್ದಾರೆ, ಯಾರಿಗೆ ಹೇಳುತ್ತಿದ್ದಾರೆ, ಯಾವ ಕಾಗದದ ಮೇಲೆ?

ಮೊದಲು ಪುಸ್ತಕ ಬೇಕಲ್ಲ. ಚರ್ಚ್ ಸ್ಟ್ರೀಟಿನ ಬ್ಲಾಸಂ, ಬುಕ್‌ವರ್ಮ್, 1945ರಲ್ಲಿ ಶುರುವಾಗಿ ಈಗ ಬ್ರಿಗೇಡ್ ರೋಡಿನ ಒಳಸಂದಿಯಲ್ಲಿರುವ ಸೆಲೆಕ್ಟ್, ಈ ಮೂರು ಕಡೆ ಒಂದು ಮಧ್ಯಾಹ್ನ ಸುತ್ತಿದರೆ ಚೀಲ ತುಂಬುತ್ತದೆ. ಸೆಕೆಂಡ್ ಹ್ಯಾಂಡ್ ಪ್ರತಿಯೇ ಕೊಳ್ಳಿ, ಆದರೆ ಕೊನೆಯ ಪುಟ ಇದೆಯೇ ನೋಡಿಕೊಳ್ಳಿ. ಒಮ್ಮೆ ಒಂದು ಅಂಗಡಿಯಲ್ಲಿ ಹೆನ್ರಿ ಜೇಮ್ಸನ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಕೊಂಡೆ. ಕೊನೆಯ ಹಾಳೆ ಕಿತ್ತುಹೋಗಿತ್ತು. ಎರಡು ವರ್ಷ ಅದು ಗೊತ್ತೇ ಆಗಲಿಲ್ಲ. ಕತೆ ಇಷ್ಟಕ್ಕೇ ನಿಲ್ಲುವುದೇ ಲೇಖಕನ ಜಾಣ್ಮೆ ಎಂದು ಗೆಳೆಯರ ಮುಂದೆ ಭಾಷಣ ಬೇರೆ ಮಾಡಿದ್ದೆ. ಮಕ್ಕಳಿಗೆಂದು ಸಂಕ್ಷೇಪಿಸಿದ ಆವೃತ್ತಿಗಳನ್ನು ಮಾತ್ರ ಮುಟ್ಟಬೇಡಿ. ಅವು ಮೊದಲು ಕತ್ತರಿಸುವುದೇ ಪತ್ರ, ಮುನ್ನುಡಿ, ಪೀಠಿಕೆಗಳನ್ನು. ಇರುವ ರುಚಿಯೆಲ್ಲ ಅಲ್ಲೇ.

ಶುರುವಿಗೆ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಆಗಬಹುದು. ಬಂದದ್ದು 1897ರಲ್ಲಿ. ಸಿನಿಮಾದ ಡ್ರಾಕುಲಾನನ್ನು ದಯವಿಟ್ಟು ಹೊರಗೇ ಬಿಟ್ಟು ಬನ್ನಿ. ಬಿಸಿಲು ತಾಗಿದರೆ ಸುಟ್ಟು ಸಾಯುವವನು ಸಿನಿಮಾದವನು. ಪುಸ್ತಕದವನು ಶಕ್ತಿ ಕುಂದಿದರೂ ಹಾಡಹಗಲೇ ಲಂಡನ್ನಿನಲ್ಲಿ ಓಡಾಡುತ್ತಾನೆ. ಇಡೀ ಕಾದಂಬರಿ ಡೈರಿ, ಪತ್ರ, ತಂತಿ, ಪತ್ರಿಕೆಯ ತುಣುಕುಗಳ ಕಡತ. ವೈದ್ಯನೊಬ್ಬ ತನ್ನ ದಿನಚರಿಯನ್ನು ಫೋನೋಗ್ರಾಫಿನಲ್ಲಿ ಹೇಳಿಡುತ್ತಾನೆ. ಮೀನಾ ಎಂಬ ಹೆಣ್ಣುಮಗಳು ಎಲ್ಲವನ್ನೂ ಟೈಪ್ ಮಾಡಿ ತಾರೀಖಿನ ಪ್ರಕಾರ ಜೋಡಿಸುತ್ತಾಳೆ. ಡ್ರಾಕುಲಾನನ್ನು ಅಟ್ಟಿಸಿಕೊಂಡು ಹೋಗಲು ದಾರಿ ತೋರಿಸುವುದು ಆ ಕಡತವೇ. ನನ್ನ ಪಾಲಿಗೆ ಕತೆಯ ನಾಯಕಿ ಈ ಟೈಪಿಸ್ಟ್. ಮೂಲ ಹಸ್ತಪ್ರತಿಯನ್ನು ಡ್ರಾಕುಲಾ ಸುಟ್ಟುಹಾಕಿದರೂ ಒಂದು ಪ್ರತಿ ತಿಜೋರಿಯಲ್ಲಿ ಉಳಿದಿರುತ್ತದೆ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಈ ಜಾಗದಲ್ಲಿ ಕಣ್ಣು ತೇವವಾದರೂ ಆದೀತು.

ಓದುವ ಕ್ರಮ ಹೀಗೆ. ಮೊದಲ ದಿನಚರಿಯ ತಾರೀಖು ಮೇ 3. ನೀವೂ ಮೇ 3ರಂದೇ ಹಿಡಿಯಿರಿ, ಆಯಾ ತಾರೀಖಿನ ಪುಟವನ್ನು ಆಯಾ ದಿನ ಓದುತ್ತಾ ನವೆಂಬರಿಗೆ ಬನ್ನಿ. ಕೆಲವು ವಾರ ಏನೂ ಬರುವುದಿಲ್ಲ. ಆ ಮೌನ ಪುಸ್ತಕದ್ದೇ ಭಾಗ ಎಂದು ತಿಳಿಯಿರಿ.

ಈ ಪುಸ್ತಕ ಬಂದ ಹೊತ್ತಿನ ಬೆಂಗಳೂರು ದಂಡು ಪ್ರದೇಶವನ್ನೂ ಸ್ವಲ್ಪ ನೆನೆಯಿರಿ. 1896ರ ಅಕ್ಟೋಬರಿನಲ್ಲಿ ವಿನ್ಸ್ಟನ್ ಚರ್ಚಿಲ್ ಎಂಬ ತರುಣ ಅಧಿಕಾರಿ ಇಲ್ಲಿಗೆ ಬಂದು, ಪೋಲೋ ಆಡಿ ಮಿಕ್ಕ ವೇಳೆಯಲ್ಲಿ ಗಿಬ್ಬನ್, ಮೆಕಾಲೆ ಅಂತ ರಾಶಿ ಓದುತ್ತಿದ್ದ. ಬೆಂಗಳೂರು ಕ್ಲಬ್ಬಿನ ಲೆಡ್ಜರಿನಲ್ಲಿ ಅವನ 13 ರೂಪಾಯಿ ಬಾಕಿ ಇವತ್ತಿಗೂ ಇದೆ. 1898ರ ಆಗಸ್ಟಿನಲ್ಲಿ ಪ್ಲೇಗ್ ಬಂತು. ಅದರ ನಿಯಂತ್ರಣದ ಕೆಲಸಕ್ಕೆಂದೇ ಊರಿಗೆ ಟೆಲಿಫೋನ್ ತಂತಿ ಎಳೆದರು. ಇಕ್ಕಟ್ಟಿನ ಕೇರಿಗಳಿಂದ ಜನರನ್ನು ಹೊರಗೆ ತರಲು ಮುಂದೆ ಫ್ರೇಜರ್ ಟೌನ್ ಹುಟ್ಟಿತು. ಕಣ್ಣಿಗೆ ಕಾಣದ ಪಿಡುಗು ಒಂದು ಕಡೆ, ಅದನ್ನು ತಡೆಯಲು ಹೊಚ್ಚಹೊಸ ಯಂತ್ರ ಇನ್ನೊಂದು ಕಡೆ. ಹಡಗಿನಲ್ಲಿ ಬಂದಿಳಿದವನನ್ನು ತಂತಿ, ಟೈಪ್‌ರೈಟರುಗಳಿಂದ ಬೆನ್ನಟ್ಟುವ ಕತೆ ಅದೇ ಹೊತ್ತಿನದು ಎಂದು ಗೊತ್ತಾದ ಮೇಲೆ ನನಗೆ ಡ್ರಾಕುಲಾ ದೂರದ ಟ್ರಾನ್ಸಿಲ್ವೇನಿಯಾದವನಾಗಿ ಉಳಿಯಲಿಲ್ಲ.

ಎಚ್. ಜಿ. ವೆಲ್ಸ್‌ನನ್ನು ಓದುವ ಬಗೆ ಬೇರೆ. ಅವನ ನಿಯಮ ಸರಳ: ಒಂದು ಕತೆಗೆ ಒಂದೇ ಅಸಾಧ್ಯ, ಉಳಿದದ್ದೆಲ್ಲ ಅಡುಗೆಮನೆಯಷ್ಟು ಸಾಮಾನ್ಯ. ಮನುಷ್ಯನೊಬ್ಬ ಮಾಯವಾಗಬಹುದು, ಆದರೆ ಅವನಿಗೂ ನೆಗಡಿಯಾಗುತ್ತದೆ, ಮಣ್ಣಲ್ಲಿ ಹೆಜ್ಜೆ ಮೂಡುತ್ತದೆ. ‘ದಿ ವಾರ್ ಆಫ್ ದಿ ವರ್ಲ್ಡ್ಸ್’ (1898) ಬರೆಯುವಾಗ ವೆಲ್ಸ್ ಲಂಡನ್ ಪಕ್ಕದ ವೋಕಿಂಗಿನಲ್ಲಿದ್ದ. ಸೈಕಲ್ ತುಳಿದು, ಯಾವ ಬೀದಿ ಸುಡಬೇಕು, ಯಾವ ಮನೆ ಬೀಳಿಸಬೇಕು ಎಂದು ಕಣ್ಣಾರೆ ನೋಡಿಕೊಂಡು ಬಂದ. ನೀವೂ ಓದುವಾಗ ಊರು ಬದಲಿಸಿ ನೋಡಿ. ಮಂಗಳದ ಕೊಳವೆ ಹಲಸೂರು ಕೆರೆಯ ಏರಿಯ ಮೇಲೆ ಬಿದ್ದಿದೆ. ಬಿಸಿ ಆರುವ ಮೊದಲೇ ಕಡಲೆಕಾಯಿ ಮಾರುವವರು ಬಂದಿದ್ದಾರೆ. ಮುಕ್ಕಾಲಿ ಯಂತ್ರಗಳು ಕೆ.ಆರ್. ಪುರದ ತೂಗುಸೇತುವೆ ದಾಟಿ ಹಳೇ ಮದರಾಸು ರಸ್ತೆಯಲ್ಲಿ ಇಳಿದುಬರುತ್ತಿವೆ, ಜನ ಊರು ಬಿಡಲು ಹೊರಟು ಟಿನ್ ಫ್ಯಾಕ್ಟರಿ ಹತ್ತಿರ ಸಿಕ್ಕಿಕೊಂಡಿದ್ದಾರೆ. ಆ ಟ್ರಾಫಿಕ್ಕಿನಲ್ಲಿ ಮಂಗಳದವರೂ ಸಿಕ್ಕಿಬೀಳುತ್ತಾರೆ ಎಂದು ನಗುವವರು ನಗಲಿ. ವೆಲ್ಸ್‌ನಿಗೆ ಬೇಕಾದದ್ದೂ ನಗು ಬರುವಷ್ಟು ಹತ್ತಿರದ ಬೀದಿಯೇ. ಮೊದಲ ಅಧ್ಯಾಯದಲ್ಲೇ ಅವನು ಯುರೋಪಿನವರು ಟಾಸ್ಮೇನಿಯಾದ ಮೂಲನಿವಾಸಿಗಳನ್ನು ಅಳಿಸಿಹಾಕಿದ್ದನ್ನು ನೆನಪಿಸುತ್ತಾನೆ. 1809ರಲ್ಲಿ ಹಲಸೂರಿನ ಬಯಲಿಗೆ ಶ್ರೀರಂಗಪಟ್ಟಣದಿಂದ ತೋಪು ತಂದು ತಳ ಊರಿದ ಬ್ರಿಟಿಷರು ಕಟ್ಟಿದ ದಂಡಿನಲ್ಲಿ ಕೂತು ಆ ಪುಟವನ್ನು ಬೇಗ ದಾಟಲಾಗುವುದಿಲ್ಲ. ಕೊನೆ ಹೇಳುವುದಿಲ್ಲ. ಪ್ಲೇಗ್ ಕಂಡ ಊರಿನವರಿಗೆ ಊಹಿಸುವುದು ಕಷ್ಟವಲ್ಲ.

ತೋಪಿನ ಮಾತು ಬಂತಾದ್ದರಿಂದ ಜೂಲ್ಸ್ ವೆರ್ನ್. ಜಲಾಂತರ್ಗಾಮಿಯ ಕ್ಯಾಪ್ಟನ್ ನೀಮೋ ಯಾವ ದೇಶದವನೆಂದು ಅವನು ಮೊದಲು ಬರುವ ಕಾದಂಬರಿಯಲ್ಲಿ ಗೊತ್ತಾಗುವುದಿಲ್ಲ. 1875ರ ಹೊತ್ತಿಗೆ ಮುಗಿದ ‘ದಿ ಮಿಸ್ಟೀರಿಯಸ್ ಐಲೆಂಡ್’ನಲ್ಲಿ ಗುಟ್ಟು ಬಿಡಿಸುತ್ತಾನೆ: ನೀಮೋ ಬುಂದೇಲಖಂಡದ ರಾಜಕುಮಾರ ಡಕ್ಕರ್, 1857ರ ದಂಗೆಯಲ್ಲಿ ಕಾದಿದವನು, ನಮ್ಮ ಟಿಪ್ಪು ಸುಲ್ತಾನನ ಸೋದರಳಿಯ! ವೆರ್ನ್‌ಗೆ ವಂಶಾವಳಿ ಮುಖ್ಯವಾಗಿರಲಿಲ್ಲ, ಬಿಡಿ. ಶ್ರೀರಂಗಪಟ್ಟಣ ಬಿದ್ದದ್ದರಿಂದಲೇ ಹುಟ್ಟಿದ ದಂಡಿನಲ್ಲಿ ಇದನ್ನು ಓದುವ ಸುಖ ಪ್ಯಾರಿಸ್ಸಿನವರಿಗೆ ಸಿಗದು. ಜಲಾಂತರ್ಗಾಮಿಯ ಕಾದಂಬರಿಯಲ್ಲಿ ಮೀನುಗಳ ಪಟ್ಟಿ ಪುಟಗಟ್ಟಲೆ ಬಂದಾಗ ಹಾರಿಸಿ ಓದಿ, ನಾನೂ ಹಾರಿಸಿದ್ದೇನೆ.

ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ (1818) ಈ ಎಲ್ಲಕ್ಕೂ ಹಿರಿಯಕ್ಕ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಮಳೆಗೆ ಮನೆಯಲ್ಲಿ ಕಟ್ಟಿಬಿದ್ದ ಹದಿನೆಂಟರ ಹುಡುಗಿ ಕಟ್ಟಿದ ಕತೆ ಇದು. ಫ್ರಾಂಕನ್‌ಸ್ಟೈನ್ ಎಂಬುದು ಜೀವ ಕೊಟ್ಟವನ ಹೆಸರು. ಜೀವ ಪಡೆದದ್ದಕ್ಕೆ ಹೆಸರೇ ಇಲ್ಲ. ಕತೆ ಪದರ ಪದರ: ಹಡಗಿನವನೊಬ್ಬ ಅಕ್ಕನಿಗೆ ಬರೆದ ಪತ್ರ, ಅದರೊಳಗೆ ಜೀವ ಕೊಟ್ಟ ವಿಕ್ಟರನ ಮಾತು, ಅದರೊಳಗೆ ಆ ಪ್ರಾಣಿಯದೇ ಮಾತು. ಗೋಡೆಯ ಬಿರುಕಿನಿಂದ ಒಂದು ಬಡ ಮನೆಯನ್ನು ನೋಡುತ್ತಾ ಅದು ಭಾಷೆ ಕಲಿಯುತ್ತದೆ, ಮಿಲ್ಟನ್ ಓದುತ್ತದೆ. ಇದನ್ನು ಗಟ್ಟಿಯಾಗಿ ಓದಿ. ಬಾಗಿಲ ಹೊರಗೆ ನಿಂತದ್ದು ಅಕ್ಷರ ಬಲ್ಲ ದೆವ್ವ. ಆದರೆ ಇಲ್ಲಿ ಅದನ್ನು ಒಳಗೆ ಕರೆಯಬೇಕಿತ್ತು ಅನ್ನಿಸುತ್ತದೆ.

ಇಂಗ್ಲಿಷು ಭಾರವಾದರೆ ತೇಜಸ್ವಿಯವರ ‘ಕರ್ವಾಲೋ’ (1980) ತೆಗೆಯಿರಿ, ಭಾರವಾಗದಿದ್ದರೂ ತೆಗೆಯಿರಿ. ಇದನ್ನು ವಿಜ್ಞಾನ ಕಾದಂಬರಿ ಅನ್ನಬೇಕೋ ಬೇಡವೋ ಎಂಬ ಜಗಳ ನನಗೆ ಬೇಡ. ವೆಲ್ಸ್‌ನ ನಿಯಮ ಇಷ್ಟು ಚೆನ್ನಾಗಿ ಪಾಲನೆಯಾದ ಕನ್ನಡ ಪುಸ್ತಕ ನನಗೆ ಬೇರೆ ಗೊತ್ತಿಲ್ಲ. ಅಸಾಧ್ಯವೆನಿಸುವುದು ಒಂದೇ, ಹಾರುವ ಓತಿ. ಅದರ ಸುತ್ತ ಜೇನು ಸೊಸೈಟಿ, ಮಂದಣ್ಣನ ಮದುವೆಯ ಗಡಿಬಿಡಿ, ಬಿರ್ಯಾನಿ ಕರಿಯಪ್ಪ, ಕಿವಿ ಎಂಬ ನಾಯಿ. ಅಂತರಿಕ್ಷಕ್ಕೇ ಹೋಗಬೇಕೆನ್ನುವವರಿಗೆ ರಾಜಶೇಖರ ಭೂಸನೂರಮಠರು ಇದ್ದಾರೆ.

‘ದಿ ಟೈಮ್ ಮಷೀನ್’ (1895) ಅನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಚಿಕ್ಕ ಪುಸ್ತಕ, ಮೆಟ್ರೋದಲ್ಲಿ ನಾಲ್ಕೈದು ಸಲ ಹೋಗಿಬರುವಷ್ಟರಲ್ಲಿ ಮುಗಿಯುತ್ತದೆ. ಕೆ.ಆರ್. ಪುರದಲ್ಲಿ ನೇರಳೆ ಮಾರ್ಗ ಹತ್ತಿ ಕಿಟಕಿ ಕಡೆ ನಿಂತುಕೊಳ್ಳಿ. ಮೇಲೆ ಬೆಳಕಿನಲ್ಲಿ ಹಣ್ಣು ತಿಂದುಕೊಂಡು ಆಡುವ ಎಲಾಯ್‌ಗಳು ಇಂದಿರಾನಗರದ ಹೊತ್ತಿಗೆ ಬರಲಿ. ಎಂ.ಜಿ. ರೋಡ್ ದಾಟಿದ ಮೇಲೆ ರೈಲು ನೆಲದೊಳಗೆ ಇಳಿಯುತ್ತದೆ, ಕಿಟಕಿ ಕಪ್ಪಾಗುತ್ತದೆ. ಕೆಳಗೆ ಕತ್ತಲಲ್ಲಿ ಯಂತ್ರ ನಡೆಸುವ ಮೊರ್‌ಲಾಕರ ಅಧ್ಯಾಯವನ್ನು ಅಲ್ಲಿಗೆ ಸರಿಯಾಗಿ ತಂದುಕೊಳ್ಳಿ. ಅಷ್ಟರಲ್ಲಿ ಗಾಜಿನಲ್ಲಿ ಕಾಣುವುದು ನಿಮ್ಮದೇ ಮುಖ, ಕೈಯಲ್ಲಿ ಪುಸ್ತಕ.