ಹೋಂಸ್ಟೇಯಲ್ಲಿ ಹೋಂ ಎಲ್ಲಿದೆ?

ಹೊಸಪೇಟೆಯಲ್ಲಿ ಹುಟ್ಟಿದವರು ಹಂಪಿಯಲ್ಲಿ ರೂಮ್ ಮಾಡಿಕೊಂಡು ಮಲಗುವುದಿಲ್ಲ. ಇರೋದು 13 ಕಿಲೋಮೀಟರ್. ಬೆಳಿಗ್ಗೆ ಬಸ್ಸಿಗೆ ಹೋದರೆ ರಾತ್ರಿ ಊಟಕ್ಕೆ ಮನೆಯಲ್ಲೇ. ಬೆಂಗಳೂರಿನ ಆಫೀಸ್ ಗೆಳೆಯರು "ಮಗಾ, ನಿಮ್ಮೂರಲ್ಲಿ ಒಂದು ಕೋಝಿ ಹೋಂಸ್ಟೇ ನೋಡು" ಅಂತ ಗಂಟುಬಿದ್ದಿದ್ದರಿಂದ, ಮೊದಲ ಸಲ ನಮ್ಮೂರಲ್ಲೇ ದುಡ್ಡು ಕೊಟ್ಟು ಮಲಗಿದೆ.

ಈ ಕೋಝಿ ಅನ್ನೋ ಪದ ಇಂಗ್ಲಿಷಿಗೆ ಬಂದದ್ದು ಸ್ಕಾಟ್ಲೆಂಡಿನಿಂದ. ಅಲ್ಲಿನ ಸ್ಕೈ ದ್ವೀಪದಂಥ ಕಡೆ ಹೊರಗೆ ಮಳೆ, ಚಳಿಗಾಳಿ. ಒಳಗೆ ಬೆಂಕಿ, ಉಣ್ಣೆಯ ಹೊದಿಕೆ, ಬೆಳಿಗ್ಗೆ ಮನೆಯೊಡತಿ ಮಾಡಿಕೊಡುವ ಓಟ್ಸ್ ಗಂಜಿ. ಅಲ್ಲಿಗೆ ಅದು ಸರಿ. ಏಪ್ರಿಲ್‌ನ ಹಂಪಿಯಲ್ಲಿ ಬೆಚ್ಚಗಿರಬೇಕು ಅಂತ ಯಾರಾದರೂ ಬಯಸ್ತಾರಾ? ಆದರೂ ಬುಕಿಂಗ್ ಆಪ್‌ನಲ್ಲಿ ಆ ಪದವೇ, ಅದೇ ಹಳದಿ ಬಲ್ಬಿನ ಫೋಟೋಗಳೇ.

ನಾವು ಉಳಿದದ್ದು ಜನತಾ ಪ್ಲಾಟ್‌ನ ಒಂದು ಮನೆಯಲ್ಲಿ. ಕೋಣೆ ಚೊಕ್ಕ, ಸೊಳ್ಳೆಪರದೆ ಗಟ್ಟಿ, ಮಂಗಗಳಿಗೆ ಹೆದರಿ ಕಿಟಕಿಗೆ ಜಾಲರಿ. ಆ ವಿಷಯದಲ್ಲಿ ತಕರಾರಿಲ್ಲ. ನನ್ನ ತಕರಾರು ಶುರುವಾಗಿದ್ದು ತಿಂಡಿಯಲ್ಲಿ. ಮೆನುವಿನಲ್ಲಿ ಪ್ಯಾನ್‌ಕೇಕ್, ಪಾಸ್ತಾ, ಹಮ್ಮಸ್. ಹಿಂದಿನ ಅಡುಗೆಮನೆಯಿಂದ ಮಾತ್ರ ರೊಟ್ಟಿ ತಟ್ಟುವ ಸದ್ದು. ಕೇಳಿದೆ.

"ಅದು ನಮಗ ಮಾಡ್ಕೊಂಡಿದ್ದು ಸರ್. ಗೆಸ್ಟ್‌ಗೆ ಸೇರಂಗಿಲ್ಲ."

"ನಾನು ಹೊಸಪೇಟೆಯವನೇ ಅಮ್ಮ."

"ಅಯ್ಯ, ಮೊದ್ಲೇ ಹೇಳಬಾರದೇನಪ್ಪ!"

ಸರ್ ಹೋಗಿ ಅಪ್ಪ ಆದೆ. ಜೋಳದ ರೊಟ್ಟಿ, ಗುರೆಳ್ಳು ಪುಡಿ, ಮೊಸರು ಬಂತು. ಸ್ಕಾಟ್ಲೆಂಡಿನ ಬಿ ಆ್ಯಂಡ್ ಬಿಯಲ್ಲಿ ಮನೆಯವರ ತಿಂಡಿಯೇ ಅತಿಥಿಗೆ ಆಕರ್ಷಣೆ. ನಮ್ಮಲ್ಲಿ ಮನೆಯವರು ತಮ್ಮ ಮನೆಯನ್ನೇ ಅತಿಥಿಯಿಂದ ಬಚ್ಚಿಡಬೇಕು. ತಪ್ಪು ಆಕೆಯದ್ದಲ್ಲ, ಸ್ಟಾರ್ ಕೊಡುವ ನಮ್ಮದು.

ರಿವ್ಯೂಗಳಲ್ಲಿ ಬಿಸಿನೀರು, ವೈಫೈ ಎಲ್ಲ ಬರುತ್ತೆ. ಈ ಮನೆ ಮುಂದಿನ ವರ್ಷ ಇರುತ್ತಾ ಅನ್ನೋದು ಮಾತ್ರ ಯಾರೂ ಬರೆಯಲ್ಲ. ಹಂಪಿಯಲ್ಲಿ ಅದು ಉತ್ಪ್ರೇಕ್ಷೆಯ ಪ್ರಶ್ನೆಯಲ್ಲ. 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿ, ಹೋಟೆಲುಗಳ ಮೇಲೆ ಜೆಸಿಬಿ ಹೋಯಿತು. ಅಲ್ಲಿದ್ದವರಿಗೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಹೊಳೆಯಾಚೆ ವಿರುಪಾಪುರ ಗಡ್ಡೆ, ವಿದೇಶಿಯರ ಬಾಯಲ್ಲಿ 'ಹಿಪ್ಪಿ ಐಲೆಂಡ್'. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚ್‌ನಲ್ಲಿ ಅಲ್ಲಿನ ಗೆಸ್ಟ್‌ಹೌಸ್‌ಗಳು ನೆಲಸಮ.

ಗಡ್ಡೆಗಾಗಿ ನಾನು ಕಣ್ಣೀರು ಹಾಕಲ್ಲ. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಜಾಗ, 1999ರಿಂದ 2006ರವರೆಗೆ 'ಅಪಾಯದಲ್ಲಿದೆ' ಅನ್ನೋ ಪಟ್ಟಿಯಲ್ಲೂ ಇತ್ತು. ಹೊಳೆದಂಡೆಯ ಗದ್ದೆಯಲ್ಲಿ ಮನಸ್ಸಿಗೆ ಬಂದಂತೆ ಕಟ್ಟಿದ್ದು ಸರಿ ಅಂತ ಹೇಳೋಕಾಗಲ್ಲ. ಆದರೆ ನಮ್ಮ ಬ್ಲಾಗುಗಳು ಅತ್ತಿದ್ದು ಉಯ್ಯಾಲೆಗಾಗಿ, ಸೂರ್ಯಾಸ್ತಕ್ಕಾಗಿ. ಅಲ್ಲಿ ಪಾತ್ರೆ ತೊಳೆಯುತ್ತಿದ್ದ, ಬೈಕ್ ಬಾಡಿಗೆಗೆ ಕೊಡುತ್ತಿದ್ದ ಹುಡುಗರು ಎಲ್ಲಿಗೆ ಹೋದರು ಅನ್ನೋದು ಯಾವ ಟ್ರಾವೆಲ್ ಬರಹದಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಸ್ಕಾಟ್ಲೆಂಡಿನಲ್ಲಿ ಎಲ್ಲ ಸುಖವಾಗಿದೆ ಅಂತಲ್ಲ. ಪ್ರವಾಸಿಗರಿಗೆ ಮನೆ ಬಿಟ್ಟು ಬಿಟ್ಟು, ಸ್ಕೈ ದ್ವೀಪದ ಹುಡುಗರಿಗೇ ಬಾಡಿಗೆ ಮನೆ ಸಿಗದ ಪರಿಸ್ಥಿತಿ. ಆದರೆ ಅಲ್ಲಿ 2022ರಲ್ಲಿ ಲೈಸೆನ್ಸ್ ಪದ್ಧತಿ ತಂದರು. ಒಂದು ಕೋಣೆ ಕೊಡುವ ಅಜ್ಜಿಯೂ ಅದರಡಿ ಬರ್ತಾಳೆ. ಕಿರಿಕಿರಿ ಅಂತ ಬೈದರೂ, ತಾನು ಕಾನೂನಿನ ಒಳಗಿದ್ದೀನೋ ಹೊರಗೋ ಅನ್ನೋದು ಆಕೆಗೆ ಗೊತ್ತು. ನಮ್ಮ ಯಜಮಾನಿಗೆ ಅಷ್ಟೂ ಗೊತ್ತಿಲ್ಲ. "ನೋಟೀಸ್ ಬಂದಾಗ ನೋಡೋಣ" ಅಂದಳು.

ಮರುದಿನ ತಳವಾರಘಟ್ಟದಿಂದ ದೋಣಿಯಲ್ಲಿ ಆನೆಗುಂದಿಗೆ ದಾಟಿದೆವು. ಪಕ್ಕದಲ್ಲೇ 2009ರಲ್ಲಿ ಕುಸಿದ ಸೇತುವೆಯ ನೆನಪು. ಆನೆಗುಂದಿಯಲ್ಲಿ 'ಕಿಷ್ಕಿಂದ ಟ್ರಸ್ಟ್' 1997ರಿಂದ ಕೆಲಸ ಮಾಡ್ತಿದೆ. ಹಳೇ ಮನೆಗಳನ್ನು ಕೆಡವದೆ ರಿಪೇರಿ ಮಾಡಿ ಅತಿಥಿಗಳಿಗೆ ಕೊಡುವ, ಬಾಳೆನಾರಿನಿಂದ ಬುಟ್ಟಿ-ಚೀಲ ಮಾಡುವ ದಾರಿ ಅಲ್ಲಿದೆ. ಊರು ಊರಾಗಿಯೇ ಇದ್ದು ಅತಿಥಿಯನ್ನು ಇಟ್ಟುಕೊಳ್ಳಬಹುದು ಅನ್ನೋದಕ್ಕೆ ನಾನು ಕಂಡ ಒಳ್ಳೆ ಉದಾಹರಣೆ. ಅಗ್ಗವೇನಲ್ಲ ಬಿಡಿ.

ಹೊರಡುವಾಗ ಬಿಲ್ ನೋಡಿದೆ. ನನ್ನ ಗೆಳೆಯರ ಪ್ಯಾನ್‌ಕೇಕ್ ಇತ್ತು, ರೊಟ್ಟಿ ಇರಲಿಲ್ಲ. ಕೇಳಿದ್ದಕ್ಕೆ ಯಜಮಾನಿ, "ಅದಕ್ಕ ರೇಟ್ ಎಲ್ಲಿ ಹಾಕೀವಿ, ತಮ್ಮಾ" ಅಂದಳು.